ಮಂಡಕ್ಕಿ ರಫ್ತು ಮತ್ತು ಎಂ.ಕಾಂ. ಲತಾಳ ಹೆಬ್ಬೆಟ್ಟು

ದಾವಣಗೆರೆಯಲ್ಲಿ ಮಂಡಕ್ಕಿ ಹುರಿಯಲು ಸ್ನಾತಕೋತ್ತರ ಪದವಿ ಅಗತ್ಯವೆಂಬುದು ಕಳೆದ ವರ್ಷ ತೀರ್ಮಾನವಾಯಿತು. ಎಸ್.ಎಸ್. ಬಡಾವಣೆಯ ವರ್ತಕ ಮುರುಗೇಶಪ್ಪನವರ ಭಟ್ಟಿಯ ಮಂಡಕ್ಕಿ ಕೊಳ್ಳಲು ಒಪ್ಪಿದ ವಿದೇಶಿ ಕಂಪನಿಯೊಂದು, ‘ವಿದ್ಯಾವಂತ ಕೈಗಳಿಂದ ತಯಾರಾದದ್ದು ಮಾತ್ರ’ ಎಂದು ಷರತ್ತು ಹಾಕಿತ್ತು. ಅದರನ್ವಯ, ಮದುವೆಯಾಗಿ ಬಂದಾಗಿನಿಂದ ಅಲ್ಲಿ ಹುರಿಯುತ್ತಿದ್ದ ಹರಿಹರದ ನೀಲಕ್ಕನನ್ನು ಸಗೌರವ ಬಿಡುಗಡೆಗೊಳಿಸಲಾಯಿತು.

“ಯಾಕ್ರೀ ಸಾವ್ಕಾರ್ರೇ, ಮಂಡಕ್ಕಿ ಸೀದೋಗಿತ್ತೇನು?” ಎಂದಳು ನೀಲಕ್ಕ.

“ಮಂಡಕ್ಕಿ ಚಲೋ ಐತೆ. ನೀನು ಮೂರನೇ ಕ್ಲಾಸು.”

“ತಿನ್ನೋರಿಗೆ ಅದು ಗೊತ್ತಾಗ್ತೈತೇನ್ರಿ?”

“ಪ್ಯಾಕೆಟ್ ಮ್ಯಾಲೆ ಬರೀಬೇಕಂತವ್ವ.”

ಅವಳ ಜಾಗಕ್ಕೆ ಮಾಯಕೊಂಡದ ಲತಾ, ಎಂ.ಕಾಂ., ಪ್ರಥಮ ದರ್ಜೆ, ನೇಮಕಗೊಂಡಳು. ಎಲ್ಲ ಕಡೆ ಅರ್ಜಿ ಹಾಕಿ ಸೋತಿದ್ದ ಅವಳಿಗೆ ಇದು ಮೊದಲ ನೌಕರಿ. ತಂದೆ ಮಾರಣ್ಣ ಊರಿನ ಬಸ್‌ ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ ಪೇಡೆ ಹಂಚಿದ. ನೀಲಕ್ಕನಾದರೂ ಅಳುತ್ತ ಕೂರಲಿಲ್ಲ. ಹರಿಹರದ ಸಂಜೆ ಶಾಲೆಗೆ ಸೇರಿ, ಹಟ ಹಿಡಿದು ಎಸ್ಸೆಸ್ಸೆಲ್ಸಿ ಪಾಸು ಮಾಡಿದಳು.

ಅಷ್ಟರಲ್ಲಿ ಆ ದೇಶ ಮಂಡಕ್ಕಿಯ ಮೇಲೆ ಸುಂಕ ಏರಿಸಿದ್ದರಿಂದ ಕಂಪನಿ ಹಿಂದೆ ಸರಿಯಿತು. ಬೇರೆ ದೇಶದ ಇನ್ನೊಂದು ಕಂಪನಿ ಮುಂದೆ ಬಂತು. ಅದರ ಗಿರಾಕಿಗಳು ಕರುಣಾಳುಗಳು. ಅವರಿಗೆ ‘ಅಕ್ಷರವನ್ನೇ ಅರಿಯದ ಮುಗ್ಧ ಮಹಿಳೆಯರು ಹುರಿದದ್ದು ಮಾತ್ರ’ ಬೇಕಿತ್ತು.

ಮುರುಗೇಶಪ್ಪ ತಕ್ಷಣ ನೀಲಕ್ಕನಿಗೆ ಹೇಳಿ ಕಳಿಸಿದರು. ಆಕೆ ಅಂಕಪಟ್ಟಿ ಹಿಡಿದೇ ಬಂದಳು.

“ಅಯ್ಯೋ ನೀಲಕ್ಕ, ಒಂದು ಮಾತು ಕೇಳ್ಬಾರ್ದಾ? ಕೈಯಾರ ಹಾಳು ಮಾಡ್ಕಂಡೆಲ್ಲ!” ಎಂದು ಅವರು ನಿಜವಾಗಿಯೂ ನೊಂದುಕೊಂಡರು.

ಲತಾಳಿಗೂ ಹೊರಡಲು ಸೂಚಿಸಲಾಯಿತು. ಅವಳು ಕೈ ಮುಗಿದಳು. “ಓದಿದ್ದು ಕೆಲ್ಸಕ್ಕೆ ಅಡ್ಡ ಬರ್ದಂಗೆ ನೋಡ್ಕಂತೀನಿ ಸರ್.”

“ಬಾಯಿ ಮಾತು ನಡಿಯಲ್ಲಮ್ಮ. ಓದಕ್ಕೆ ಬರಲ್ಲ ಅಂತ ಸರ್ಟಿಫಿಕೇಟ್ ತಗಂಬಾ.”

ಇಂಥವರಿಗಾಗಿಯೇ ಹರಿಹರದಲ್ಲಿ ವಿದ್ಯಾ ವಿಮೋಚನಾ ಕೋಶ ತೆರೆದಿತ್ತು. ಬಾಗಿಲಲ್ಲಿ ಪ್ರಕಟಣೆ ಇತ್ತು: ‘ರಫ್ತಿನ ಹಿತದೃಷ್ಟಿಯಿಂದ ವಿದ್ಯೆ ತ್ಯಜಿಸಲಿಚ್ಛಿಸುವ ಪದವೀಧರರು ಅರ್ಜಿಯನ್ನು ಸ್ವಹಸ್ತಾಕ್ಷರದಲ್ಲಿ ಭರ್ತಿ ಮಾಡತಕ್ಕದ್ದು. ಕಾಗುಣಿತದ ತಪ್ಪಿದ್ದಲ್ಲಿ ಅರ್ಜಿಯನ್ನು ತಿರಸ್ಕರಿಸಲಾಗುವುದು.’

ಪರೀಕ್ಷಾಧಿಕಾರಿ ತಿಮ್ಮೇಶ್ ಪ್ರತಿಯೊಬ್ಬರ ಮುಂದೆ ಒಂದು ಫಲಕ ಹಿಡಿಯುತ್ತಿದ್ದರು. ಅದರಲ್ಲಿ ‘ನಿಮ್ಮ ಹೆಗಲ ಮೇಲೆ ಹಲ್ಲಿ ಇದೆ’ ಎಂದು ಬರೆದಿತ್ತು. ಲತಾಳಿಗಿಂತ ಮುಂದಿದ್ದ ನಂದಿಗುಡಿಯ ಪೂಜಾ ಎಂಬ ಇಂಜಿನಿಯರ್ ಚೀರಿ ಕುರ್ಚಿ ಹತ್ತಿ ಅನುತ್ತೀರ್ಣಳಾದಳು.

ಲತಾಳ ಸರದಿ ಬಂತು. ಹೆಗಲು ತುರಿಸತೊಡಗಿತು. ಅಪ್ಪ ಹಂಚಿದ ಪೇಡೆ ನೆನಪಾಯಿತು. ಅವಳು ಗೋಡೆ ನೋಡುವಂತೆ ಫಲಕ ನೋಡಿ, “ರಂಗೋಲಿ ಚೆಂದೈತ್ರಿ,” ಎಂದಳು.

“ಶಭಾಷ್,” ಎಂದ ತಿಮ್ಮೇಶ್ ಅವಳಿಗೆ ಪ್ರಥಮ ದರ್ಜೆ ನೀಡಿದರು.

ಸಂಜೆ ಹರಿಹರದ ಸ್ಟ್ಯಾಂಡಿನಲ್ಲಿ ಬಸ್ಸಿನ ‘ಮಾಯಕೊಂಡ’ ಎಂಬ ಬೋರ್ಡಿನ ಕೆಳಗೇ ನಿಂತು, “ಅಣ್ಣಾ, ಇದು ಯಾವ ಊರಿಗೆ ಹೋಗ್ತೈತೆ?” ಎಂದು ಅಭ್ಯಾಸಕ್ಕಾಗಿ ಕೇಳಿದಳು. ಕಂಡಕ್ಟರ್ ಮರುಗಿ, ಕೈ ಹಿಡಿದು ಹತ್ತಿಸಿ ಕಿಟಕಿ ಸೀಟು ಕೊಡಿಸಿದ. ಅವಳು ಊರು ಬರುವವರೆಗೂ ಕಿಟಕಿಯಾಚೆಯ ಅಂಗಡಿ ಹೆಸರುಗಳನ್ನು ಓದದಿರಲು ಕಣ್ಣು ಮುಚ್ಚಿ ಕೂತಳು.

ಲತಾಳನ್ನು ಭಟ್ಟಿಗೆ ಮರುನೇಮಕ ಮಾಡಲಾಯಿತು. ಅವಳು ದಿನವೂ ಹಾಜರಿಗೆ ಹೆಬ್ಬೆಟ್ಟು ಒತ್ತಬೇಕು. ಅದನ್ನು ಅಕ್ಷರಸ್ಥರೊಬ್ಬರು ದೃಢೀಕರಿಸಬೇಕು ಎಂಬ ನಿಯಮವಿದ್ದುದರಿಂದ ನೀಲಕ್ಕನಿಗೂ ಕೆಲಸ ಸಿಕ್ಕಿತು. “ಜೋರಾಗಿ ಒತ್ತವ್ವ, ಮಸಿ ಮೂಡ್ವಲ್ದು,” ಎನ್ನುತ್ತ ಆಕೆ ದುಂಡಗೆ ಸಹಿ ಮಾಡುತ್ತಿದ್ದಳು.

ಪ್ಯಾಕೆಟ್ಟಿನ ಮೇಲೆ ಲತಾಳ ಫೋಟೊ ಅಚ್ಚಾಯಿತು: ‘ಶಾಲೆಯ ಮೆಟ್ಟಿಲು ಹತ್ತದ ಈ ಹೆಣ್ಣುಮಗಳಿಗೆ ನೆರವಾಗಿ.’ ಮಾರಣ್ಣ ಅದಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ.

“ಓದ್ಸಿದ್ದು ದಂಡ ಆಗ್ಲಿಲ್ಲ ನೋಡ್ರಿ,” ಎಂದ ಬಂದವರಿಗೆ.

ಎಲ್ಲರೂ ಹೌದೆಂದರು. ಪಕ್ಕದ ಮನೆಯ ಶ್ರೀನಿವಾಸ ಮಾತ್ರ ಕೊಂಚ ಚಿಂತೆಯಲ್ಲಿದ್ದ. “ನನ್ನ ಮಗಳು ಕೀರ್ತನಾ ಬಿ.ಎಡ್. ಓದ್ತಾಳೆ. ಈಗ್ಲೇ ಬಿಡಿಸ್ಲಾ?”

“ಬಿಡಿಸ್ಬ್ಯಾಡ, ಮುಗಿಸ್ಲಿ,” ಎಂದ ಮಾರಣ್ಣ. “ಡಿಗ್ರಿ ಮುಗಿದೋರಿಗಷ್ಟೇ ಕೋಶದಾಗೆ ಅರ್ಜಿ ಕೊಡ್ತಾರೆ.”