ತೊಲೆ ಎತ್ತಿದ ಅರ್ಧ ಚೀಲ

ನಮ್ಮ ಮಾವನವರ ಮನೆಯಲ್ಲಿ ಒಂದು ಪದ್ಧತಿ ಇದೆ. ಅದನ್ನು ಶುರು ಮಾಡಿದ ಪುಣ್ಯಾತ್ಮ ಯಾರೋ, ನನ್ನ ಕೈಗೆ ಸಿಕ್ಕಿದ್ದರೆ ನಾಲ್ಕು ಮಾತು ಕೇಳುತ್ತಿದ್ದೆ. ಶ್ರೀರಾಂಪುರದ ಪಕ್ಕದ ಹಟ್ಟಿಯಲ್ಲಿ ಅವರಿಗೆ ಇನ್ನೂರು ಕುರಿ. ವರ್ಷಕ್ಕೊಮ್ಮೆ, ಉಣ್ಣೆ ಕತ್ತರಿಸುವ ದಿನ, ಅಳಿಯಂದಿರನ್ನೆಲ್ಲ ಕರೆಸುತ್ತಾರೆ. ಅಳಿಯನಾದವನು ರೊಪ್ಪಕ್ಕೆ (ಅಂದರೆ ಕುರಿ ಕೂಡುವ ಮುಳ್ಳುಬೇಲಿಯ ದೊಡ್ಡಿಗೆ) ಇಳಿದು, ತನಗೆ ಬೇಕಾದ ಕುರಿಯನ್ನು ಎತ್ತಿ, ಆಚೆಯ ಬೇವಿನ ಮರದವರೆಗೆ ಹೊತ್ತು ನಡೆಯಬೇಕು. ನಡುವೆ ಇಳಿಸದೆ ಹೊತ್ತರೆ ಅದು ಅವನದು. ನನ್ನ ಷಡ್ಡಕ ಜುಂಜಣ್ಣ ಪ್ರತಿವರ್ಷ ಒಂದು ಕೊಬ್ಬಿದ ಟಗರನ್ನು ಹೆಗಲಿಗೆ ಹಾಕಿಕೊಂಡು ಬೀಡಿ ಸೇದುತ್ತ ಹೋಗಿಬಿಡುತ್ತಾನೆ. ನಾನು ಚಿತ್ರದುರ್ಗದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಆರು ವರ್ಷದಲ್ಲಿ ನಾನು ಹೊತ್ತದ್ದು ಆರು ಮರಿ. ಅದರಲ್ಲೊಂದು ಇನ್ನೂ ಹಾಲು ಕುಡಿಯುತ್ತಿತ್ತು. ಅದರ ತಾಯಿ ಬೇವಿನ ಮರದವರೆಗೂ ಅರಚುತ್ತ ನನ್ನ ಹಿಂದೆಯೇ ಬಂತು.

ಎಪ್ಪತ್ಮೂರನೆಯ ಇಸವಿಯಲ್ಲಿ ಆ ಮರಿಯೊಂದಿಗೆ ಬಸ್ಸಿನಲ್ಲಿ ಹಿಂದಿರುಗುವಾಗ ನನ್ನ ಹೆಂಡತಿ ಪಾಲಮ್ಮ ಹೊಸದುರ್ಗ ಬರುವವರೆಗೂ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಆಮೇಲೆ, ತಂಗಿಯ ಮುಂದೆ ತಲೆ ಎತ್ತಲಾಗುತ್ತಿಲ್ಲ ಎಂದಳು. ಜಗಳವಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಮೆಲ್ಲಗೆ ಹೇಳಿದ್ದು ನನ್ನ ಎದೆಗೆ ನಾಟಿತು. ಮುಂದಿನ ವರ್ಷ ಟಗರನ್ನೇ ತರುತ್ತೇನೆಂದು ಬಸ್ಸಿನಲ್ಲೇ ಭೀಷಣ ಪ್ರತಿಜ್ಞೆ ಮಾಡಿದೆ.

ಪೇಟೆಯ ವ್ಯಾಯಾಮಶಾಲೆಯಲ್ಲಿ ಒಂದು ಯಂತ್ರವಿತ್ತು. ಹಗ್ಗ ಎಳೆದರೆ ಕಬ್ಬಿಣದ ಬಿಲ್ಲೆಗಳು ಮೇಲೇಳುತ್ತಿದ್ದವು. (ನಾನು ಕಿಟಕಿಯಿಂದ ನೋಡಿದ್ದೆ ಅಷ್ಟೆ, ಒಳಗೆ ನನ್ನ ಶಿಷ್ಯರಿರುತ್ತಿದ್ದರು.) ಉಣ್ಣೆಯ ದಿನಕ್ಕೆ ಮೂರು ತಿಂಗಳಿರುವಾಗ ಅಂಥದೇ ಒಂದನ್ನು ನಮ್ಮ ನಡುಮನೆಯಲ್ಲಿ ಪ್ರತಿಷ್ಠಾಪಿಸಿದೆ. ತೊಲೆಗೆ ಒಂದು ಗಡಗಡೆ (ಹಗ್ಗ ಹಾಯುವ ರಾಟೆ), ನಲವತ್ತು ಕೆಜಿ ರಾಗಿ ಚೀಲದ ಕುತ್ತಿಗೆಗೆ ಇನ್ನೊಂದು. ಹಗ್ಗದ ಒಂದು ತುದಿಯನ್ನು ತೊಲೆಗೇ ಕಟ್ಟಿ, ಚೀಲದ ಗಡಗಡೆಯ ಕೆಳಗೆ ಹಾಯಿಸಿ, ತೊಲೆಯ ಗಡಗಡೆಯ ಮೇಲಿಂದ ಇಳಿಸಿ, ಇನ್ನೊಂದು ತುದಿಯನ್ನು ಕೈಗೆ ತೆಗೆದುಕೊಂಡೆ. ಒಂದೇ ಗಡಗಡೆ ಸಾಕಿತ್ತು. ಎರಡಿದ್ದರೆ ನೋಡಲು ವೈಜ್ಞಾನಿಕವಾಗಿರುತ್ತದೆ ಅನ್ನಿಸಿತು. ಒಂದನ್ನು ಸಂತೆಯಲ್ಲಿ ಕೊಂಡೆ. ಇನ್ನೊಂದು ನಮ್ಮ ಹಿತ್ತಿಲ ಬಾವಿಯದು.

ಅಂದಿನಿಂದ ಪಾಲಮ್ಮ ಬಾವಿಕಟ್ಟೆಯ ಮೇಲೆ ನಿಂತು ಬರಿಗೈಯಲ್ಲಿ ನೀರು ಸೇದತೊಡಗಿದಳು. ಕೊಡಕ್ಕೊಬ್ಬರಂತೆ ನನ್ನ ವಂಶದವರ ಹೆಸರು ಹೇಳುತ್ತಿದ್ದಳು. (ಇಪ್ಪತ್ತನೆಯ ಕೊಡದ ಹೊತ್ತಿಗೆ ನನಗೇ ಪರಿಚಯವಿಲ್ಲದ ಮುತ್ತಾತಂದಿರು ಬರುತ್ತಿದ್ದರು.)

ನಾನಾದರೋ ಮೊದಲ ದಿನವೇ ಚೀಲ ಎತ್ತಿದೆ. ತಿಂಗಳಾಗುವಷ್ಟರಲ್ಲಿ ಒಂದೇ ಬೆಳಗ್ಗೆ ಐವತ್ತು ಸಲ. ನನ್ನೊಳಗೆ ಇಂಥ ಪೈಲ್ವಾನನೊಬ್ಬ ಇಷ್ಟು ವರ್ಷ ಪಾಠ ಹೇಳಿಕೊಂಡು ಕೂತಿದ್ದನಲ್ಲ ಎಂದು ಮರುಕವಾಯಿತು. ನಲವತ್ತು ಕೆಜಿ ಲೀಲಾಜಾಲವಾಗಿ ಎತ್ತುತ್ತಿದ್ದೇನೆ, ಆ ತೂಕದ ಟಗರು ನನಗಿರಲಿ, ಜುಂಜಣ್ಣನಿಗೆ ಬೇರೆ ನೋಡಿ ಎಂದು ಮಾವನವರಿಗೆ ಕಾರ್ಡು ಬರೆದು ಹಾಕಿದೆ.

ಒಂದು ದಿನ ಪಾಲಮ್ಮ ಖಾಲಿ ಕೊಡ ಹಿಡಿದು ಬಾಗಿಲಲ್ಲಿ ನಿಂತು ನನ್ನ ಸಾಧನೆ ನೋಡಿದಳು.

"ಅಲ್ರೀ, ನಾನು ಒಂದು ಮಾರು ಹಗ್ಗ ಎಳೆದ್ರೆ ಕೊಡ ಒಂದು ಮಾರು ಮ್ಯಾಕೆ ಬರ್ತೈತೆ. ನೀವು ಒಂದು ಮಾರು ಎಳೆದ್ರೆ ಚೀಲ ಅರ್ಧ ಮಾರೇ ಏಳ್ತೈತೆ. ಇನ್ನರ್ಧ ಎಲ್ಲಿಗೆ ಹೋತು?"

ಅದೆಲ್ಲ ಘರ್ಷಣೆ, ನಿನಗೆ ಅರ್ಥವಾಗುವುದಿಲ್ಲ ಎಂದೆ. ಹನ್ನೊಂದು ವರ್ಷದ ಅನುಭವವಿರುವ ವಿಜ್ಞಾನದ ಮೇಷ್ಟ್ರು ಹಾಗೆಂದೆ. ಅವಳು ನನ್ನ ಅಜ್ಜನ ಹೆಸರು ಹೇಳುತ್ತ ಬಾವಿಗೆ ಹೋದಳು.

ಆ ದಿನ ಬಂತು. ಇಡೀ ಹಟ್ಟಿ ಬೇಲಿಯ ಸುತ್ತ ನೆರೆದಿತ್ತು. ನಾನು ಪಂಚೆ ಎತ್ತಿ ಕಟ್ಟಿ, ಟಗರಿನ ಹೊಟ್ಟೆಯ ಕೆಳಗೆ ಎರಡೂ ಕೈ ಹಾಕಿ ಉಸಿರು ಬಿಗಿಹಿಡಿದೆ. ಅದರ ಒಂದು ಕಾಲೂ ನೆಲ ಬಿಡಲಿಲ್ಲ. ಎರಡನೆಯ ಸಲ ಮುಂಗಾಲೆರಡು ಎದ್ದವು; ಆದರೆ ಅದು ಟಗರೇ ನನ್ನ ಮೇಲೆ ಹತ್ತಿದ್ದು. ನಾನು ಹಿಕ್ಕೆಯ ಮೇಲೆ ಅಂಗಾತ ಬಿದ್ದೆ.

ಮಾವ ಯತ್ತಪ್ಪನವರು ಕೈ ಹಿಡಿದು ಎಬ್ಬಿಸಿದರು. "ಇದೂ ನಲವತ್ತೇ ಐತಲ್ಲ ಮೇಷ್ಟ್ರೇ. ಮನೇಲಿ ಹೆಂಗೆ ಎತ್ತಿದ್ರಿ?"

ಮಾನ ಉಳಿಸಿಕೊಳ್ಳಬೇಕಿತ್ತು. ಒಂದು ಕಡ್ಡಿ ತೆಗೆದುಕೊಂಡು ಮಣ್ಣಿನ ಮೇಲೆ ನನ್ನ ಯಂತ್ರದ ಚಿತ್ರ ಬರೆದೆ. ಮೇಲೆ ತೊಲೆ, ಕೆಳಗೆ ಚೀಲ, ನಡುವೆ ಹಗ್ಗ. ಬರೆಯುತ್ತ ಬರೆಯುತ್ತ ಕೈ ನಿಂತಿತು. ಇದು ನಾನು ವರ್ಷ ವರ್ಷವೂ ಒಂಬತ್ತನೆಯ ತರಗತಿಯ ಬೋರ್ಡಿನ ಮೇಲೆ ಬರೆಯುವ ಚಲಿಸುವ ರಾಟೆ. ಭಾರವನ್ನು ಹಗ್ಗದ ಎರಡು ಎಳೆಗಳು ಹಂಚಿಕೊಳ್ಳುತ್ತವೆ, ಎಳೆಯುವವನಿಗೆ ಬರುವುದು ಅರ್ಧವೇ ಎಂದು ನಾನೇ ಬೆತ್ತ ಹಿಡಿದು ಬಾಯಿಪಾಠ ಮಾಡಿಸಿದ್ದೇನೆ. ಮೂರು ತಿಂಗಳು ನಾನು ಎತ್ತಿದ್ದು ಇಪ್ಪತ್ತು ಕೆಜಿ. ಅದನ್ನು ತಗ್ಗಿದ ದನಿಯಲ್ಲಿ ಒಪ್ಪಿಕೊಂಡೆ.

ಜುಂಜಣ್ಣ ಚಿತ್ರವನ್ನು ಬಗ್ಗಿ ನೋಡಿ, ಬಹಳ ಗಂಭೀರವಾಗಿ ಹೇಳಿದ: "ಹಂಗಾದ್ರೆ ಇನ್ನರ್ಧ ಚೀಲ ತೊಲೆ ಎತ್ತೈತೆ. ಮಾವ, ಈ ಸಲ ಅರ್ಧ ಟಗರು ತೊಲೆಗೇ ಕೊಡಾಣ."

ಹಟ್ಟಿಗೆ ಹಟ್ಟಿಯೇ ಬಿದ್ದು ಬಿದ್ದು ನಕ್ಕಿತು. ಪಾಲಮ್ಮ ಮಾತ್ರ ನಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ರೊಪ್ಪದೊಳಗೆ ಬಂದು, ನನ್ನನ್ನು ಪಕ್ಕಕ್ಕೆ ಸರಿಸಿ, ಟಗರನ್ನು ಎದೆಗವಚಿ ಎತ್ತಿದಳು. ಬೇವಿನ ಮರದವರೆಗೂ ನಡೆದಳು. ಅವಳಿಗೆ ಏದುಸಿರು ಕೂಡ ಬರಲಿಲ್ಲ. ದಿನಕ್ಕೆ ಇಪ್ಪತ್ತು ಕೊಡ, ಮೂರು ತಿಂಗಳು, ಅರ್ಧ ಹಂಚಿಕೊಳ್ಳುವ ತೊಲೆಯೇ ಇಲ್ಲದೆ ಸೇದಿದ ಕೈ ಅದು. ಹೊತ್ತೋರದೇ ಟಗರು ಎಂದು ಮಾವನವರು ತೀರ್ಪು ಕೊಟ್ಟರು. ನನಗೆ ನಾಚಿಕೆಯೂ ಆಯಿತು, ಸುಳ್ಳು ಹೇಳುವುದೇಕೆ, ಹೆಮ್ಮೆಯೂ ಆಯಿತು.

ಊರಿಗೆ ಬಂದವನೇ ಏಣಿ ಹಾಕಿ, ಗಡಗಡೆ ಬಿಚ್ಚಿ ಬಾವಿಗೆ ಕಟ್ಟಲು ಹೊರಟೆ. ಪಾಲಮ್ಮ ಏಣಿ ಹಿಡಿದು ನಿಲ್ಲಿಸಿದಳು.

"ಅದು ಅಲ್ಲೇ ಇರ್ಲಿ ಬಿಡ್ರಿ. ನಾಳಿಂದ ನೀರು ನೀವು ಸೇದ್ರಿ. ಬರೋ ವರ್ಷ ನೀವೇ ಎತ್ತೀರಂತೆ."

ಎಂಟು ತಿಂಗಳಿಂದ ಸೇದುತ್ತಿದ್ದೇನೆ. ದಿನಕ್ಕೆ ಇಪ್ಪತ್ತೆರಡು ಕೊಡ. ಹೆಚ್ಚಿನ ಎರಡು ಕೊಡ ಟಗರಿಗೆ. ತೋಳು ನಿಜವಾಗಿಯೂ ಗಟ್ಟಿಯಾಗಿದೆ. ಹೋದ ಭಾನುವಾರ ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಟಗರಿನ ಹೊಟ್ಟೆಯ ಕೆಳಗೆ ಕೈ ಹಾಕಿದೆ. ನಲವತ್ತು ಕೆಜಿಯಾಗಿದ್ದರೆ ಖಂಡಿತ ಎತ್ತುತ್ತಿದ್ದೆ. ಆದರೆ ನಾನು ಸೇದಿ ಹಾಕಿದ ನೀರು ಕುಡಿದು ಅದು ಐವತ್ತೈದಾಗಿದೆ.