ಗುಳೆ ಬಂದ ಮುನ್ನೂರ ಹನ್ನೆರಡು ಪರದೇಶಿಗಳು

ಇಂದ:
ಮೈಲಪ್ಪ ಬಿನ್ ಲೇಟ್ ಬೆನಕಪ್ಪ, ವಯಸ್ಸು ಅಂದಾಜು ೫೪, ಕೆರೆಯ ನೀರಗಂಟಿ, ಹಾಲಸಮುದ್ರ ಗ್ರಾಮ, ಹಗರಿಬೊಮ್ಮನಹಳ್ಳಿ ತಾಲ್ಲೂಕು.
(ಅವರು ಹೇಳಿದ್ದನ್ನು ಬರೆದವನು: ಗುರುಸಂಗಪ್ಪ, ಅರ್ಜಿ ಬರಹಗಾರ, ತಮ್ಮ ಕಚೇರಿಯ ಎದುರಿನ ಬೇವಿನ ಮರದ ಕೆಳಗೆ. ಕಿಟಕಿ ತೆರೆದರೆ ಕಾಣುತ್ತೇನೆ.)

ಗೆ:
ವಿಶೇಷಾಧಿಕಾರಿಗಳು, ನಿರ್ಗತಿಕರ ಗಣತಿ ಮತ್ತು ತೆರವು ಶಾಖೆ (ತಾತ್ಕಾಲಿಕ), ಹಳೇ ಬೀಜದ ಗೋದಾಮು, ಹಗರಿಬೊಮ್ಮನಹಳ್ಳಿ.

ವಿಷಯ: ನಲವತ್ತೆರಡು ವರ್ಷಗಳ ಹಕ್ಕಿ ಪುಸ್ತಕವನ್ನು, ಪುಟಪುಟಕ್ಕೂ 'ಸುಳ್ಳು' ಎಂದು ಮೊಹರು ಒತ್ತದೆ, ಹಿಂದಿರುಗಿಸುವ ಬಗ್ಗೆ.

ಉಲ್ಲೇಖ: ೧) ಗುಳೆ ಹೋದವರ ಮತ್ತು ಬಂದವರ ವಿವರ ಕೋರಿದ ತಮ್ಮ ಸುತ್ತೋಲೆ, ದಿ. ೧-೧೨-೨೦೦೩.
೨) ಕೆರೆಯಂಗಳದ ಪಂಚನಾಮೆ, ದಿ. ೧೨-೧೨-೨೦೦೩.
೩) ತೆರವು ನೋಟೀಸು, ದಿ. ೨೦-೧೨-೨೦೦೩.
೪) ಮೊನ್ನೆ ತಾವು ಬಾಯಿಮಾತಿನಲ್ಲಿ ಹೇಳಿದ್ದು. ಅದಕ್ಕೆ ನಂಬರಿಲ್ಲ.

ಮಾನ್ಯರೇ,

ಮೇಲ್ಕಂಡ ಮೈಲಪ್ಪನವರು ಈ ಬೆಳಿಗ್ಗೆ ಹೆಂಡತಿ ಸುಂಕಮ್ಮನವರೊಡನೆ ಮರದ ಬುಡದಲ್ಲಿ ಕುಳಿತು ಹೇಳಿಕೊಂಡ ಸಂಗತಿಗಳನ್ನು ಕ್ರಮವಾಗಿ ನಮೂದಿಸಲಾಗಿದೆ. ಕ್ರಮ ನನ್ನದು, ಅವರು ಕೊನೆಯಿಂದ ಶುರುಮಾಡಿದ್ದರು. ಅರ್ಜಿದಾರರಿಗೆ ಮಾತು ಕಡಿಮೆ, ಸಿಟ್ಟು ಇಲ್ಲವೇ ಇಲ್ಲ. ಕಾರಣ, ಈ ಅರ್ಜಿಯಲ್ಲಿ ಎಲ್ಲಾದರೂ ಸಿಟ್ಟು ಕಂಡುಬಂದಲ್ಲಿ ಅದು ಬರೆದವನದೆಂದು ತಿಳಿಯತಕ್ಕದ್ದು.

೧. ಅರ್ಜಿದಾರರ ತಂದೆ ಬೆನಕಪ್ಪನವರೂ ಇದೇ ಕೆರೆಯ ನೀರಗಂಟಿಯಾಗಿದ್ದರು. ತೂಬು ಎತ್ತುವುದು, ಇಳಿಸುವುದು, ದಿನಾ ನೀರಿನ ಮಟ್ಟ ಬರೆದಿಡುವುದು ಅವರ ಕೆಲಸ. ನೀರಿನ ಪುಸ್ತಕದ ಕೊನೆಯಲ್ಲಿ 'ಷರಾ' ಎಂಬ ಕಾಲಂ ಇತ್ತು. ಷರಾ ಎಂದರೇನೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಖಾಲಿ ಬಿಟ್ಟರೆ ಸರಕಾರಕ್ಕೆ ಬೇಜಾರಾದೀತೆಂದು, ಆ ದಿನ ನೀರಿನ ಮೇಲೆ ಏನು ಕೂತಿತ್ತೋ ಅದನ್ನೇ ಬರೆಯತೊಡಗಿದರು. ೧೯೬೧ರಲ್ಲಿ ತಪಾಸಣೆಗೆ ಬಂದ ಇಂಜಿನಿಯರ್ ಸಾಹೇಬರು ಓದಿ ನಕ್ಕು, "ಮಾರಾಯಾ, ನೀರು ನನಗ ಬರಿ, ಹಕ್ಕಿ ನಿನಗ ಬರಕೋ" ಎಂದು ದಪ್ಪ ರಟ್ಟಿನ ಖಾಲಿ ಪುಸ್ತಕವೊಂದನ್ನು ಕೊಟ್ಟು ಹೋದರು. ವರ್ಷಕ್ಕೊಂದು ಪುಟ. ಬಂದ ದಿನ, ಎಷ್ಟು, ಹೋದ ದಿನ. ಅಂದಿನಿಂದ ಒಂದು ವರ್ಷವೂ ತಪ್ಪಿಲ್ಲ. ತಮ್ಮ ಶಾಖೆ 'ತಾತ್ಕಾಲಿಕ' ಎಂದು ಬೋರ್ಡು ಹಾಕಿಕೊಂಡು ಹನ್ನೊಂದು ತಿಂಗಳಾಗಿರುವುದರಿಂದ, ನಲವತ್ತೆರಡು ವರ್ಷ ಎಂದರೆ ಎಷ್ಟೆಂದು ತಾವು ಊಹಿಸಬಹುದು.

೨. ಎಣಿಸುವ ಕ್ರಮದ ಬಗ್ಗೆ ಸಂಶಯ ಬೇಡ. ಇವರದು ಕುರಿ ಸಾಕುವ ಮನೆತನ. ಹಟ್ಟಿಯ ಬಾಗಿಲಲ್ಲಿ ಕುರಿ ಎಣಿಸುವಂತೆ, ಇಪ್ಪತ್ತಕ್ಕೊಂದರಂತೆ ಉಣ್ಣೆ ದಾರಕ್ಕೆ ಗಂಟು ಹಾಕುತ್ತಾರೆ. ಹಕ್ಕಿ ಎದ್ದು ಗದ್ದಲವಾದರೆ ಎಲ್ಲ ಗಂಟು ಬಿಚ್ಚಿ ಮೊದಲಿಂದ ಶುರು. ಕೊಟ್ಟೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಶಾಂಭವಿ ಮೇಡಂ ಹನ್ನೆರಡು ವರ್ಷದಿಂದ ಪ್ರತಿ ಜನವರಿ ದುರ್ಬೀನು ಹಿಡಿದು ಇಲ್ಲಿಗೆ ಬಂದು ಎಣಿಸುತ್ತಾರೆ. ಅವರದಕ್ಕೂ ಇವರದಕ್ಕೂ ಹೆಚ್ಚೆಂದರೆ ನಾಲ್ಕೈದರ ಫರಕು. ಹಡಗಲಿ, ಕೂಡ್ಲಿಗಿ, ಹರಪನಹಳ್ಳಿ ಸುತ್ತಿದರೂ ಇಷ್ಟು ಹಿಂದಿನಿಂದ ಹಕ್ಕಿ ಲೆಕ್ಕ ಇಟ್ಟವರು ತನಗೆ ಸಿಕ್ಕಿಲ್ಲವೆಂದು ಅವರು ಬರೆದುಕೊಟ್ಟ ಚೀಟಿ ಲಗತ್ತಿಸಿದೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತು ಇವೇ ಎಂದು ಹೇಳಿಕೊಟ್ಟವರೂ ಅವರೇ. ಅದಕ್ಕೆ ಮೊದಲು ಬೆನಕಪ್ಪನವರು ಅವುಗಳಿಗೆ ತಾವೇ ಒಂದು ಹೆಸರಿಟ್ಟಿದ್ದರು. ಎಲ್ಲೋ ದೂರದ ದೇಶದಿಂದ ಬಂದು, ಸುಗ್ಗಿ ಮುಗಿಸಿ, ಮರಳಿ ಹೋಗುವುದರಿಂದ ಪುಸ್ತಕದ ಮೇಲೆ ದೊಡ್ಡಕ್ಷರದಲ್ಲಿ 'ಗುಳೆ ಬಂದ ಪರದೇಶಿಗಳು' ಎಂದು ಬರೆದಿದ್ದರು.

೩. ಇಲ್ಲಿಂದ ತಮ್ಮ ಶಾಖೆಯ ಪಾತ್ರ ಆರಂಭ. ಉಲ್ಲೇಖ ೧ರ ಸುತ್ತೋಲೆ ಹಿಡಿದು ಬಂದ ತಮ್ಮ ಗುಮಾಸ್ತರು ಜೀಪಿನಿಂದ ಇಳಿಯದೆಯೇ ಕೂಗಿದರು: "ಏನಪ್ಪಾ, ಗುಳೆ ಬಂದೋರ ಲೆಕ್ಕ ಐತೇನು?"

"ಐತ್ರಿ ಸಾಹೇಬ್ರ. ನಲವತ್ತೆರಡು ವರ್ಷದ್ದು ಐತ್ರಿ."

ಸರಕಾರ ಕೊನೆಗೂ ಕೇಳಿತೆಂದು ಅರ್ಜಿದಾರರಿಗೆ ಎಷ್ಟು ಸಂತೋಷವಾಯಿತೆಂದರೆ, ಮನೆಗೆ ಓಡಿ, ಪುಸ್ತಕದ ಧೂಳು ಒರೆಸಿ, ಸುಂಕಮ್ಮನವರ ಮದುವೆ ಸೀರೆ ಸುತ್ತಿಟ್ಟಿದ್ದ ಬಟ್ಟೆಯಲ್ಲಿ ಕಟ್ಟಿ ತಂದುಕೊಟ್ಟರು. ಆ ಬಟ್ಟೆಯೂ ತಮ್ಮಲ್ಲಿಯೇ ಇದೆ.

೪. ನಮ್ಮ ಕಡೆ ದಿಕ್ಕಿಲ್ಲದವರಿಗೂ ಪರದೇಶಿ ಎನ್ನುವುದು ಬರೆದವನಿಗೆ ಗೊತ್ತು, ತಮಗೂ ಗೊತ್ತು. ಆದರೆ ತಲೆಬರಹದಿಂದ ಕೆಳಗೆ ಒಂದು ಸಾಲು ಇಳಿದಿದ್ದರೂ ಸಾಕಿತ್ತು. "ಈ ಸಲ ೩೧೨ ಬಂದಾವ. ಮರಿ ಸೈತ ಅದಾವ. ಕಡ್ಲಿ ಹೊಲದಾಗ ಮೇಯ್ತಾವ, ಹಗಲು ನೀರಾಗ ಮಲಗ್ತಾವ" ಎಂದು ಬರೆದಿತ್ತು. ತಮ್ಮ ಶಾಖೆಯವರು ಇದನ್ನು ಹಳ್ಳಿಯವನ ವ್ಯಾಕರಣ ದೋಷವೆಂದು ಭಾವಿಸಿ, ಕೆಂಪು ಶಾಯಿಯಲ್ಲಿ 'ಬಂದಿದ್ದಾರೆ, ಮಕ್ಕಳು ಸಹ ಇದ್ದಾರೆ' ಎಂದು ತಿದ್ದಿದರು. 'ಮೇಯ್ತಾವ' ಎಂಬುದನ್ನು 'ಬೆಳೆ ಕಳವು ಮಾಡುತ್ತಾರೆ' ಎಂದೂ, ತಲೆಯ ಹಿಂದಿನ ಎರಡು ಕಪ್ಪು ಪಟ್ಟೆಗಳನ್ನು 'ಗುರುತಿನ ಚಿಹ್ನೆ (ಎಲ್ಲರಿಗೂ ಒಂದೇ)' ಎಂದೂ ಮಾಡಿ, ಮುನ್ನೂರ ಹನ್ನೆರಡು ನಿರ್ಗತಿಕರು ಕೆರೆಯಂಗಳ ಅತಿಕ್ರಮಿಸಿದ್ದಾರೆಂದು ಜಿಲ್ಲೆಗೆ ವರದಿ ಕಳಿಸಿದರು. ಹಗಲು ನೀರಲ್ಲಿ ಮಲಗುವ ನಿರ್ಗತಿಕರ ಬಗ್ಗೆ ಯಾರಿಗೂ ಕುತೂಹಲ ಹುಟ್ಟಲಿಲ್ಲ.

೫. ಹನ್ನೆರಡನೇ ತಾರೀಖು ಖುದ್ದು ತಪಾಸಣೆ ನಡೆಯಿತು. ಜೀಪು ಕೆರೆಯ ಏರಿ ಹತ್ತಿ ಹಾರ್ನು ಹಾಕಿತು. ಪಂಚನಾಮೆಯ ಸಾಲು ಹೀಗಿದೆ: 'ಸದರಿಯವರು ಅಧಿಕಾರಿಗಳನ್ನು ಕಂಡ ಕೂಡಲೇ ಕೂಗಾಡುತ್ತಾ ಸಾಮೂಹಿಕವಾಗಿ ಪರಾರಿಯಾದರು.' ಹೇಗೆ ಪರಾರಿಯಾದರೆಂಬ ಕಾಲಂ ನಮೂನೆಯಲ್ಲಿ ಇರಲಿಲ್ಲವಂತೆ.

೬. ಬಳಿಕ ನೋಟೀಸು ಬಂತು: ಮಾರ್ಚ್ ೩೧ರೊಳಗೆ ಜಾಗ ತೆರವು ಮಾಡತಕ್ಕದ್ದು, ನೀರಗಂಟಿಯು ಇದನ್ನು ಸದರಿಯವರಿಗೆ ಓದಿ ಹೇಳತಕ್ಕದ್ದು. ಅರ್ಜಿದಾರರು ಏರಿಯ ಮೇಲೆ ನಿಂತು ಗಟ್ಟಿಯಾಗಿ ಓದಿ ಹೇಳಿದ್ದಾರೆ. ಯಾರೂ ತಕರಾರು ಮಾಡಲಿಲ್ಲ. ಹೇಗೂ ಮಾರ್ಚ್ ಮುಗಿಯುವುದರೊಳಗೆ ಅವು ತಾವಾಗಿಯೇ ಹಿಮಾಲಯ ದಾಟಿ ತೆರವು ಮಾಡುವುದರಿಂದ, ತಮ್ಮ ಆದೇಶ ಪೂರ್ತಿ ಜಾರಿಯಾಗುವ ಮೊದಲ ಆದೇಶವಾಗುವ ಸಂಭವವಿದೆ.

೭. ಇಷ್ಟರಲ್ಲಿ ತಮಗೆ ಸತ್ಯ ತಿಳಿದು, ಮೊನ್ನೆ ಅರ್ಜಿದಾರರನ್ನು ಕರೆಸಿ, ಬಾಗಿಲು ಹಾಕಿ ಹೇಳಿದಿರಿ:

"ಹಕ್ಕಿ ಅಂತ ನನಗೂ ಗೊತ್ತಾಗೈತಪ್ಪ. ಆದ್ರ ಮ್ಯಾಲಕ್ಕ ಮಂದಿ ಅಂತ ಹೋಗೈತಿ. ಈಗ ಹಕ್ಕಿ ಅಂತ ಬರದ್ರ ನನ್ನ ಗತಿ ಏನು? ಪುಸ್ತಕದಾಗ ಬರದಿದ್ದು ಸುಳ್ಳು ಅಂತ ನೀ ಒಂದು ಸಹಿ ಮಾಡು. ಪುಟಕ್ಕೊಂದು 'ಸುಳ್ಳು' ಮೊಹರು ಒತ್ತಿ ಪುಸ್ತಕ ನಿನಗ ಕೊಡ್ತೀನಿ. ಇಲ್ಲಾಂದ್ರ ಹದಿನೈದನೇ ತಾರೀಖಿಗೆ ಹಳೇ ಕಾಗದದ ಜೋಡಿ ಸುಟ್ಟು ಹೋಗ್ತೈತಿ."

"ಎಣಿಸಿದ್ದನ್ನ ಸುಳ್ಳು ಅನ್ನಾಕ ಬರಂಗಿಲ್ರಿ, ಸಾಹೇಬ್ರ."

"ಹಕ್ಕಿ ಏನು ಬಂದು ಸಾಕ್ಷಿ ಹೇಳ್ತಾವೇನಪ್ಪ?"

"ಹೇಳಂಗಿಲ್ರಿ. ಅದಕ್ಕ ನಾನ ಹೇಳಬೇಕಲ್ರಿ."

ತಾವು ಗಂಟೆ ಬಾರಿಸಿ ಜವಾನನನ್ನು ಕರೆದಿರಿ. ಅರ್ಜಿದಾರರು ಹೊರಗೆ ಬಂದರು.

೮. ಈಗ ಅರ್ಜಿದಾರರು ಮೊದಲು ಹೇಳಿದ, ನಾನು ಕೊನೆಗೆ ಇಟ್ಟ ಸಂಗತಿ. ಆ ಪುಸ್ತಕದಲ್ಲಿ ನಿಜವಾಗಿಯೂ ಒಂದು ಸುಳ್ಳು ಇದೆ. ೧೯೮೮ರ ಪುಟ. ಆ ವರ್ಷ ಬೆನಕಪ್ಪನವರು ಹಾಸಿಗೆ ಹಿಡಿದಿದ್ದರು. ಹಕ್ಕಿ ತಡವಾಗಿದ್ದವು. ದಿನಾ ಬೆಳಿಗ್ಗೆ ಮಗ ಕೆರೆಯಿಂದ ಬಂದ ಕೂಡಲೇ "ಬಂದ್ವೇನ್ಲೇ?" ಎಂದು ಕೇಳುವರು. ಇಲ್ಲವೆಂದರೆ ಗೋಡೆಯ ಕಡೆ ಹೊರಳುವರು. ಐದನೇ ಬೆಳಿಗ್ಗೆ ಮೈಲಪ್ಪನವರಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ.

"ಬಂದ್ವಪ್ಪ."

"ಎಷ್ಟು?"

"ಹದಿನೇಳು."

"ಬರಿ ಮತ್ತ."

ತಂದೆಗೆ ಕಣ್ಣು ಮಂಜಾಗಿತ್ತು, ಆದರೆ ಪೆನ್ನಿನ ಸಪ್ಪಳ ಕೇಳಿಸುತ್ತಿತ್ತು. ಆದ್ದರಿಂದ ಬರೆಯಲೇಬೇಕಾಯಿತು. ಮಧ್ಯಾಹ್ನದೊಳಗೆ ಬೆನಕಪ್ಪನವರು ತೀರಿಕೊಂಡರು. ಹಕ್ಕಿಗಳು ಬಂದದ್ದು ಮೂರನೇ ದಿನ, ಮಣ್ಣು ಕೊಟ್ಟ ಜಾಗಕ್ಕೆ ಹಾಲೆರೆಯಲು ಹೋದಾಗ. ಹದಿನೈದು ವರ್ಷದಿಂದ ಈ ಸುಳ್ಳನ್ನು ಅರ್ಜಿದಾರರು ಯಾರಿಗೂ ಹೇಳಿರಲಿಲ್ಲ. ತಂದೆಯ ಪುಸ್ತಕವನ್ನು ತಾನೇ ಕೆಡಿಸಿದೆನೆಂದು ನನ್ನೆದುರು ಕಣ್ಣೊರೆಸಿಕೊಂಡರು.

ಅಷ್ಟು ಹೊತ್ತು ಎಲೆ ಅಡಿಕೆ ಮೆಲ್ಲುತ್ತ ಕುಳಿತಿದ್ದ ಸುಂಕಮ್ಮನವರು ಆಗ ಬಾಯಿಬಿಟ್ಟರು. "ನನಗ ಗೊತ್ತಿತ್ತು. ಮಾವಗೂ ಗೊತ್ತಿತ್ತು. ಆ ಹಕ್ಕಿ ಇಳದ್ರ ಊರು ತುಂಬ ಸಪ್ಪಳ ಕೇಳ್ತೈತಿ, ಅವತ್ತು ಕೆರಿ ಕಡಿ ಒಂದು ಸಪ್ಪಳ ಇದ್ದಿಲ್ಲ. ಮಾವನ ಕಿವಿ ಕಡೀತನಕ ಚಲೋ ಇದ್ವು. ಬರಿ ಅಂದಿದ್ದು ನಿಮಗ ಸಮಾಧಾನ ಆಗ್ಲಿ ಅಂತ."

ಬರೆದವನು ಪೆನ್ನು ಕೆಳಗಿಟ್ಟ. ಮೂವತ್ತು ವರ್ಷದಿಂದ ಈ ಮರದ ಕೆಳಗೆ ಊರವರ ಗೋಳು ಬರೆಯುತ್ತಿದ್ದೇನೆ, ಅರ್ಜಿದಾರರಿಗೆ ನಾನೇ ಚಹಾ ತರಿಸಿದ್ದು ಇದೇ ಮೊದಲು. ಹೀಗೆ ಅರ್ಜಿಯಲ್ಲಿ ಬರೆಯಬಾರದೆಂದು ನಿಯಮವಿದ್ದಲ್ಲಿ ಈ ಸಾಲನ್ನು ಹೊಡೆದುಹಾಕುವುದು.

೯. ಆದ್ದರಿಂದ, ತಮಗೆ ಫೈಲು ಮುಗಿಸಲು ಒಂದು ಸುಳ್ಳು ಬೇಕಾಗಿರುವ ಕಾರಣ, ಮತ್ತು ಅರ್ಜಿದಾರರ ಬಳಿ ಸರಿಯಾಗಿ ಒಂದೇ ಸುಳ್ಳು ಇರುವ ಕಾರಣ, ೧೯೮೮ರ 'ಹದಿನೇಳು' ಎಂಬ ಒಂದು ನಮೂದು ಮಾತ್ರ ಸುಳ್ಳೆಂದು ಅವರು ಸಹಿ ಮಾಡಿಕೊಡಲು ಸಿದ್ಧರಿದ್ದಾರೆ. ಹೇಳುವವನಿಗೂ ಕೇಳುವವನಿಗೂ ಗೊತ್ತಿದ್ದದ್ದು ಕಾನೂನಿನ ಪ್ರಕಾರ ಸುಳ್ಳಾಗುತ್ತದೆಯೇ ಎಂಬುದು ನನಗೆ ತಿಳಿಯದು. ತಮಗೂ ತಿಳಿಯದೆಂಬ ಧೈರ್ಯದಿಂದ ಬರೆದಿದ್ದೇನೆ. ಉಳಿದೆಲ್ಲ ಪುಟಗಳನ್ನು ಮೊಹರಿಲ್ಲದೆ ಹದಿನೈದರೊಳಗೆ ಹಿಂದಿರುಗಿಸಬೇಕು. ಈ ವರ್ಷದ ಪುಟದಲ್ಲಿ 'ಹೋದ ದಿನ' ಇನ್ನೂ ಖಾಲಿ ಇದೆ. ಹಕ್ಕಿಗಳು ತಮ್ಮ ಫೈಲಿಗಾಗಿ ಕಾಯುವುದಿಲ್ಲ.

ತಮ್ಮ ವಿಶ್ವಾಸಕ್ಕೆ ಇನ್ನೂ ಪಾತ್ರನಾಗದ,
(ಸಹಿ) ಮೈಲಪ್ಪ

ಬಿಕ್ಕಲಂ (ಬರೆದವನು): ಗುರುಸಂಗಪ್ಪ. ಓದಿ ಹೇಳಿದೆ, ಒಪ್ಪಿದರು.
ದಿ. ೫-೧-೨೦೦೪

ಲಗತ್ತುಗಳು:
೧) ಉಣ್ಣೆ ದಾರ, ಹದಿನೈದು ಗಂಟು, ಉಳಿದ ಹನ್ನೆರಡು ಹಕ್ಕಿ ಬೆರಳಲ್ಲಿವೆ.
೨) ಶಾಂಭವಿ ಮೇಡಂ ಅವರ ಚೀಟಿ.
೩) ಪುಕ್ಕ ಒಂದು. ನಿರ್ಗತಿಕರಿಗೆ ಇದು ಬೆಳೆಯುವುದಿಲ್ಲವೆಂಬುದಕ್ಕೆ ಸಾಕ್ಷಿ.

ಪ್ರತಿ: ಸದರಿ ಪರದೇಶಿಗಳಿಗೆ, ಏರಿಯ ಮೇಲಿಂದ ಓದಿ ಹೇಳಲಾಗುವುದು.

ವಿ.ಸೂ.: ೧೯೮೮ರ ಪುಟಕ್ಕೆ ಮೊಹರು ಒತ್ತುವವರು ದಯವಿಟ್ಟು ಪಕ್ಕಕ್ಕೆ ಒತ್ತಬೇಕು, ಅಂಕಿಯ ಮೇಲೆ ಒತ್ತಬಾರದು. ಹದಿನೇಳು ಎಂಬುದು ಓದುವಂತಿರಬೇಕೆಂದು ಸುಂಕಮ್ಮನವರು ಹೇಳಿ ಬರೆಸಿದ್ದಾರೆ.