ಒಡ್ಡು ಕಟ್ಟಿಸಿದ ಬಂಗಡೆ

ಹೊನ್ನಮ್ಮನವರನ್ನು ನಾನು ಮೊದಲು ಕಂಡದ್ದು ಹಿರೇಗುತ್ತಿಯಾಚೆಯ ನಮ್ಮ ಪಂಚಾಯ್ತಿ ಕಚೇರಿಯಲ್ಲಿ. ಬೀದಿದೀಪದ ದೂರು ಹೇಳಲು ಹೋಗಿದ್ದೆ. ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತು ಅವರು ಗಂಡ ದುರ್ಗಪ್ಪನವರನ್ನು ವಿಚಾರಿಸಿಕೊಳ್ಳುತ್ತಿದ್ದರು.

“ಒಡ್ಡು ಒಡೆದ ಜಾಗ ಮುಚ್ಚೂಕೆ ನಿಮಗೆ ಹೇಳಿದ್ದು ಯಾರು?”

“ಸಚಿವರು ಬತ್ರು ಅಂದ್ರೆ ಕೆಸರಲ್ಲಿ ನಡೆಸೂದಾ?”

“ಅವರು ಬಂದದ್ದೇ ಕೆಸರು ನೋಡೂಕೆ.”

ಹಳೆಯ ಒಡ್ಡು ಒಡೆದಲ್ಲಿ ಉಬ್ಬರಕ್ಕೆ ಹೊಳೆಯ ಉಪ್ಪುನೀರು ನುಗ್ಗಿ ಊರಿನ ಭತ್ತದ ಗದ್ದೆ ಹಾಳಾಗುತ್ತಿತ್ತು. ಹೊಸ ಒಡ್ಡು ಪಂಚಾಯ್ತಿಯ ಶಕ್ತಿಗೆ ಮೀರಿದ್ದು. ಠರಾವು ಮಾಡಿ, ಕುಮಟೆ, ಕಾರವಾರ, ಬೆಂಗಳೂರು ಸುತ್ತಿ, ಹೊನ್ನಮ್ಮ ಅಂತೂ ಸಚಿವರನ್ನೇ ಕರೆತಂದಿದ್ದರು. ದುರ್ಗಪ್ಪನವರು ಹಿಂದಿನ ದಿನವೇ ಮಣ್ಣಿನ ಚೀಲ ಪೇರಿಸಿ, ಮೇಲೆ ಚಿರೆಕಲ್ಲು ಹಾಸಿ, ತೋರಣವನ್ನೂ ಕಟ್ಟಿಬಿಟ್ಟಿದ್ದರು. ಸಚಿವರು ಅದರ ಮೇಲೆ ನಡೆದು, ಎಳನೀರು ಕುಡಿದು, ಒಡ್ಡು ಗಟ್ಟಿಯಾಗಿದೆ ಎಂದು ಹೊಗಳಿ, ಅನುದಾನವನ್ನು ಬೇರೆ ಊರಿಗೆ ಕೊಡುವುದಾಗಿ ಹೇಳಿ ಹೋಗಿದ್ದರು.

“ಹೊಗಳಿದ್ರಲ್ಲ ಮಾರಾಯ್ತಿ.”

“ಹೊಗಳಿಕೆ ಬಿತ್ತಿದ್ರೆ ಬೆಳೆ ಬರ್ತದಾ?”

ದುರ್ಗಪ್ಪ ನನ್ನತ್ತ ತಿರುಗಿದರು. “ಮಾಸ್ತರೇ, ಬಂದವರಿಗೆ ಮನೆಯ ಮಾಡು ಸೋರುವಲ್ಲಿ ಯಾರಾದ್ರೂ ಚಾಪೆ ಹಾಸ್ತ್ರಾ?”

“ಬಂದವ ಮಾಡು ರಿಪೇರಿಯವ ಆದ್ರೆ ಅಲ್ಲೇ ಹಾಸೂದು,” ಎಂದರು ಹೊನ್ನಮ್ಮ.

ನನ್ನ ದೀಪದ ಮಾತು ಅಲ್ಲೇ ಉಳಿಯಿತು.

ಮತ್ತೆ ಓಡಾಡಿ ಹೊನ್ನಮ್ಮ ಎಂಜಿನಿಯರೊಬ್ಬರನ್ನು ಬರಮಾಡಿದರು. ಚೀಲಗಳು ಅಷ್ಟರಲ್ಲಿ ಕೊಚ್ಚಿಹೋಗಿದ್ದವು. ಅಮಾವಾಸ್ಯೆಯ ಮಧ್ಯಾಹ್ನ, ಉಬ್ಬರದ ಹೊತ್ತನ್ನೇ ನಿಗದಿ ಮಾಡಿದ್ದರು. ಎಂಜಿನಿಯರು ಬೆಳಿಗ್ಗೆಯೇ ಬಂದುಬಿಟ್ಟರು. ನೀರು ಇನ್ನೂ ಕೆಳಗಿತ್ತು. ಇಷ್ಟು ಸಣ್ಣ ಬಿರುಕನ್ನು ಪಂಚಾಯ್ತಿಯೇ ಮುಚ್ಚಬಹುದು ಎಂದು ಅವರು ಜೀಪಿನತ್ತ ಹೊರಟರು. ಹೊನ್ನಮ್ಮನವರ ಮುಖ ಬಾಡಿತು.

ಬಾಯಿ ಬಿಡಬಾರದೆಂಬ ಕಟ್ಟಪ್ಪಣೆಯಿದ್ದ ದುರ್ಗಪ್ಪ ಅಡ್ಡ ನಿಂತರು.

“ಸಾಹೇಬ್ರೇ, ಗಂಜಿ ಉಂಡೇ ಹೋಗೂದು.”

ಹೊನ್ನಮ್ಮ ಕಣ್ಣು ಕೆಕ್ಕರಿಸಿದರೂ ಕೇಳದೆ, ದುರ್ಗಪ್ಪ ಅವರನ್ನು ಗದ್ದೆಯಂಚಿನ ತಮ್ಮ ಮನೆಗೆ ಕರೆದೊಯ್ದರು. ಗಂಜಿ ಮುಗಿಯಿತು. ಎಂಜಿನಿಯರು ಏಳಹೊರಟರು.

“ಬಂಗಡೆ ಈಗ ಬೇಯ್ತದೆ, ಒಂದು ಗಳಿಗೆ.”

ಬಂಗಡೆಯಾಯಿತು. ಪಾಯಸ ಕುದಿಯತೊಡಗಿತು. ಅದನ್ನೂ ಉಂಡು ಕೈ ತೊಳೆಯಲು ಅಂಗಳಕ್ಕಿಳಿದರೆ, ಜೀಪಿನ ಅರ್ಧ ಚಕ್ರ ನೀರಿನಲ್ಲಿ. ಗದ್ದೆಯೆಲ್ಲ ಹೊಳೆಯಾಗಿತ್ತು. ನೀರು ಇಳಿಯುವವರೆಗೆ ಜಗುಲಿಯಲ್ಲೇ ಕುಳಿತ ಎಂಜಿನಿಯರು, ಹೊಸ ಒಡ್ಡು ಆಗಲೇಬೇಕೆಂದು ತಾವೇ ವರದಿ ಬರೆದರು.

“ಮರ್ಯಾದೆ ಎಂತಕ್ಕೆ ಇರೂದು, ಗೊತ್ತಾತಾ?” ಎಂದರು ದುರ್ಗಪ್ಪ.

ಹೊನ್ನಮ್ಮ ಇನ್ನೊಂದು ಸೌಟು ಪಾಯಸ ಬಡಿಸಿದರು. ಗಂಡನಿಗೆ.

ಒಡ್ಡು ಈಗ ಗಟ್ಟಿಯಾಗಿ ನಿಂತಿದೆ. ಹೊನ್ನಮ್ಮನವರ ಅಧ್ಯಕ್ಷಗಿರಿಯ ಅವಧಿ ಮುಗಿದಿದೆ. ಸರ್ಕಾರವನ್ನು ಕೇಳುವುದು ಹೇಗೆಂದು ಹೇಳಿಕೊಡಲು ಸುತ್ತಲಿನ ಪಂಚಾಯ್ತಿಯವರು ಅವರನ್ನು ಕರೆಯುತ್ತಾರೆ. ಠರಾವು ತನ್ನದು, ಊಟದ ಖಾತೆ ಗಂಡನದು ಎನ್ನುತ್ತಾರೆ ಹೊನ್ನಮ್ಮ; ಇಬ್ಬರೂ ಜೊತೆಗೇ ಹೋಗುತ್ತಾರೆ. ಮೊನ್ನೆ ಅವರಿಬ್ಬರೂ ಬಸ್ಸಿಗೆ ಕಾಯುತ್ತಿದ್ದಾಗ, ನನ್ನ ಬೀದಿದೀಪ ಇನ್ನೂ ಹತ್ತಿಲ್ಲವೆಂದೆ.

ದುರ್ಗಪ್ಪ ನನ್ನತ್ತ ಬಾಗಿದರು.

“ಲೈಟಿನವರನ್ನು ರಾತ್ರಿ ಊಟಕ್ಕೆ ಕರೀರಿ ಮಾಸ್ತರೇ.”